ರಾತ್ರಿ ಎರಡು ಗಂಟೆಗೆ ಯಾರಿಗೆ ಫೋನ್ ಮಾಡುವುದು?

ದೇರಳಕಟ್ಟೆಯಲ್ಲೊಂದು ಪಿಜಿ ರೂಮ್ ಅಂತ ಇಟ್ಟುಕೊಳ್ಳಿ. ಕೊಣಾಜೆ, ಸುರತ್ಕಲ್, ಮಣಿಪಾಲ, ಎಲ್ಲಿಯಾದರೂ ಆಗಬಹುದು. ರಾತ್ರಿ ಎರಡು ಗಂಟೆ. ನಾಲ್ಕು ಜನ ಹುಡುಗರು. ಒಬ್ಬ ಮಂಚದಿಂದ ಜಾರಿ ನೆಲಕ್ಕೆ ಬಿದ್ದಿದ್ದಾನೆ. ಮೈ ಕೆಂಡದ ಹಾಗೆ ಸುಡುತ್ತಿದೆ. ದವಡೆ ಬಿಗಿದಿದೆ. ಕರೆದರೆ ಏನೇನೋ ಗೊಣಗುತ್ತಾನೆ. ಅವನು ಏನು ತಗೊಂಡಿದ್ದಾನೆ, ಎಷ್ಟು ಹೊತ್ತಿಗೆ ತಗೊಂಡ, ಅದರ ಮೇಲೆ ಏನು ಕುಡಿದ, ಎಲ್ಲ ಉಳಿದ ಮೂವರಿಗೆ ಗೊತ್ತುಂಟು. ಹತ್ತು ನಿಮಿಷದ ದಾರಿಯಲ್ಲಿ ದೊಡ್ಡ ಆಸ್ಪತ್ರೆಯೂ ಉಂಟು. ಆದರೆ ಯಾರೂ ಫೋನ್ ತೆಗೆಯುತ್ತಿಲ್ಲ.

"ಸ್ವಲ್ಪ ಮಲಗಿದ್ರೆ ಸರಿಯಾಗ್ತಾನೆ ಮಾರಾಯ" ಅನ್ನುತ್ತಾನೆ ಒಬ್ಬ. ಇನ್ನೊಬ್ಬ ಎರಡು ಲೀಟರಿನ ಬಾಟಲಿ ತಂದು ನೀರು ಕುಡಿಸಲು ನೋಡುತ್ತಾನೆ. ಮೂರನೆಯವನಿಗೆ ವಾರ್ಡನ್ ಮುಖ, ಪೊಲೀಸ್ ಸ್ಟೇಷನ್, ಕಾಲೇಜಿನ ಟಿಸಿ, ಊರಲ್ಲಿರುವ ಅಪ್ಪ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬರುತ್ತಿದೆ.

ಆ ಹೊತ್ತಿಗೆ ಆ ರೂಮಿನಲ್ಲಿ ಡಾಕ್ಟರ್ ಇಲ್ಲ, ಹೆತ್ತವರಿಲ್ಲ. ಕಾಲೇಜಿನ ಸಭಾಂಗಣದಲ್ಲಿ ಡ್ರಗ್ಸ್ ವಿರುದ್ಧ ಪ್ರತಿಜ್ಞೆ ಬೋಧಿಸಿ ಹೋದ ಅತಿಥಿಯೂ ಇಲ್ಲ. ಇರುವವರು ಗೆಳೆಯರು ಮಾತ್ರ. ಆ ಮೂವರಿಗೆ ಏನು ಗೊತ್ತು, ಏನು ಗೊತ್ತಿಲ್ಲ ಅನ್ನುವುದರ ಮೇಲೆ ನಾಲ್ಕನೆಯವನ ಜೀವ ನಿಂತಿದೆ. ಹಾಗಾದರೆ ನಾವು ಕಲಿಸಬೇಕಾದದ್ದು ಮೊದಲು ಯಾರಿಗೆ? ಆ ಮೂವರಿಗೆ ಅಲ್ವಾ?

ಇದನ್ನೇ ಒಂದು ಕೆಲಸವಾಗಿ ಮಾಡುವವರು ಜಗತ್ತಿನಲ್ಲಿ ನಲವತ್ತು ವರ್ಷಗಳಿಂದ ಇದ್ದಾರೆ. ಇಂಗ್ಲಿಷಿನಲ್ಲಿ ಹಾರ್ಮ್ ರಿಡಕ್ಷನ್ ಅನ್ನುತ್ತಾರೆ. ನಮ್ಮ ಮಾತಲ್ಲಿ ಹೇಳುವುದಾದರೆ, ಆಗುವ ಹಾನಿಯನ್ನು ಆದಷ್ಟು ತಗ್ಗಿಸುವುದು. ಅದನ್ನು ನಶೆ ಮಾಡುವವರು ಅಥವಾ ಮಾಡಿ ಬಿಟ್ಟವರೇ ಮುಂದೆ ನಿಂತು ನಡೆಸಿದರೆ, ಅದು ಸಂಗಾತಿಗಳೇ ನಡೆಸುವ ಕೆಲಸ.

ಪಣಂಬೂರು ಬೀಚಿಗೆ ಮಳೆಗಾಲದಲ್ಲಿ ಹೋದವರಿಗೆ ಗೊತ್ತು. ನೀರಿಗೆ ಇಳಿಯಬೇಡಿ ಅಂತ ಎಷ್ಟು ಹೇಳಿದರೂ ಇಳಿಯುವವರು ಇಳಿಯುತ್ತಾರೆ. ಅಂಥವರಿಗಾಗಿಯೇ ಲೈಫ್‌ಗಾರ್ಡ್ ಇರುತ್ತಾರೆ. "ಹೇಳಿದ್ದೆವಲ್ಲ, ಈಗ ಅನುಭವಿಸು" ಅಂತ ಅವರು ದಡದಲ್ಲಿ ಕೈಕಟ್ಟಿ ನಿಲ್ಲುವುದಿಲ್ಲ. ಮೊದಲು ಎಳೆದು ತರುತ್ತಾರೆ, ಬೈಯುವುದು ಆಮೇಲೆ. ಹಾಗೆ ಎಳೆದು ತಂದದ್ದನ್ನು ನೋಡಿ, ಇವರು ಜನರಿಗೆ ಮುಳುಗಲು ಹೇಳಿಕೊಡುತ್ತಿದ್ದಾರೆ ಅಂತ ಯಾರೂ ದೂರುವುದಿಲ್ಲ. ಇನ್ನೂ ಒಂದು ಮಾತು. ಆ ಕೆಲಸಕ್ಕೆ ಬೇಕಾದವನು ಸಮುದ್ರದ ಸೆಳೆತ ಮೈಯಲ್ಲಿ ಗೊತ್ತಿರುವವನು. ಪುಸ್ತಕ ಓದಿ ಈಜು ಕಲಿತವನು ಸಾಲದು.

ಮಲ್ಪೆ ದಕ್ಕೆಯಲ್ಲಿ ನನಗೆ ಪರಿಚಯದ ಒಬ್ಬರಿದ್ದಾರೆ. ಹೆಸರು ಬೇಡ, ಅಲ್ಲಿ ಎಲ್ಲರೂ ಅವರನ್ನು ಅಣ್ಣ ಅನ್ನುತ್ತಾರೆ. ಇಪ್ಪತ್ತು ವರ್ಷ ಕುಡಿದವರು, ಬಿಟ್ಟು ಒಂಬತ್ತು ವರ್ಷ ಆಯಿತು. ಮೊದಲು ಬೋಟಿಗೆ ಹೋಗುತ್ತಿದ್ದರು. ಈಗ ಬಲೆ ರಿಪೇರಿ ಮಾಡುತ್ತಾರೆ. ಬಲೆಯ ಒಂದು ಕಣ್ಣನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಎಳೆದು ಹಿಡಿದುಕೊಂಡು, ಬಲಗೈಯಲ್ಲಿ ಸೂಜಿ ಓಡಿಸುತ್ತಾ, ಬಂದು ಹೋಗುವ ಹುಡುಗರನ್ನು ಮಾತಾಡಿಸುತ್ತಾ ಇರುತ್ತಾರೆ.

ಒಂದು ದಿನ ನಾನು ಅಲ್ಲೇ ಕೂತಿದ್ದೆ. ಬೋಟಿನ ಹುಡುಗನೊಬ್ಬ ಚಾ ತಗೊಂಡು ಬಂದ. ಗ್ಲಾಸು ಹಿಡಿದ ಕೈ ನಡುಗಿ ಚಾ ಅಂಗೈ ಮೇಲೆ ಚೆಲ್ಲುತ್ತಿತ್ತು. ಅಣ್ಣ ತಲೆ ಎತ್ತದೆ ಕೇಳಿದರು.

"ಯಾವಾಗಿಂದ ಹಾಕ್ಲಿಲ್ಲ?"

"ನಿನ್ನೆ ಬೆಳಿಗ್ಗೆಯಿಂದ. ಬಿಟ್ಟೆ ಅಣ್ಣ. ಇನ್ನು ಮುಟ್ಟುದಿಲ್ಲ. ಅಮ್ಮನ ಮೇಲೆ ಆಣೆ."

"ಬೋಟು ಯಾವಾಗ?"

"ನಾಳೆ. ಹತ್ತು ದಿನ."

ಅಣ್ಣ ಹೆಬ್ಬೆರಳಿನಿಂದ ಬಲೆ ಬಿಡಿಸಿ ಪಕ್ಕಕ್ಕಿಟ್ಟರು. "ನಾಳೆ ನೀನು ಹೋಗುದು ಬೇಡ. ಬೋಟಿನ ತಾಂಡೇಲನ ಹತ್ರ ನಾನು ಮಾತಾಡ್ತೇನೆ. ಈಗ ಡಾಕ್ಟ್ರ ಹತ್ರ ಹೋಗುವ, ನಡಿ."

ನನಗೆ ಆಗ ಅರ್ಥವಾಗಲಿಲ್ಲ. ಹುಡುಗ ಬಿಟ್ಟಿದ್ದಾನೆ, ಶಹಬ್ಬಾಸ್ ಅನ್ನಬೇಕಲ್ವಾ? ಆಮೇಲೆ ಅಣ್ಣ ವಿವರಿಸಿದರು. ವರ್ಷಗಟ್ಟಲೆ ದಿನವೂ ಜೋರಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ, ಮೊದಲ ದಿನ ಕೈ ನಡುಗುತ್ತದೆ, ಬೆವರುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಬುದ್ಧಿ ಕಲಸಿಹೋಗುತ್ತದೆ. ಇಲ್ಲದ್ದು ಕಾಣುತ್ತದೆ, ಇಲ್ಲದವರು ಕರೆದ ಹಾಗಾಗುತ್ತದೆ. ಡಾಕ್ಟರುಗಳು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಅನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಆಸ್ಪತ್ರೆಯಲ್ಲಾದರೆ ಮಾತ್ರೆ, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟು ಐದಾರು ದಿನದಲ್ಲಿ ದಾಟಿಸುತ್ತಾರೆ. ನಡುಸಮುದ್ರದಲ್ಲಿ ಯಾರು ಕೊಡುತ್ತಾರೆ? ಫಿಟ್ಸ್ ಬಂದವನು ಬೋಟಿನ ಅಂಚಿನಲ್ಲಿ ನಿಂತಿದ್ದರೆ?

"ನನಗೆ ಬಂದಿತ್ತು" ಅಂದರು ಅಣ್ಣ. "ಎರಡು ಜನ ಮೇಲೆ ಕೂತು ಹಿಡಿದುಕೊಂಡಿದ್ದರಂತೆ. ನನಗೆ ಏನೂ ನೆನಪಿಲ್ಲ."

ಈ ವಿಷಯವನ್ನು ನಾನು ಇಷ್ಟು ಎಳೆದು ಹೇಳಲು ಕಾರಣ ಉಂಟು. ಒಳ್ಳೆಯ ಮನಸ್ಸಿನವರು ಯಾರಾದರೂ ಆ ಹುಡುಗನ ಬೆನ್ನು ತಟ್ಟಿ, ದೇವರು ಒಳ್ಳೆಯದು ಮಾಡಲಿ ಅಂತ ಬೋಟು ಹತ್ತಿಸುತ್ತಿದ್ದರು. ಅವನಿಗೆ ಬೇಕಾಗಿದ್ದದ್ದು ಅದಲ್ಲ. ಚಾ ಗ್ಲಾಸಿನ ನಡುಕ ನೋಡಿದ ಕೂಡಲೇ ಮುಂದಿನ ಮೂರು ದಿನ ಏನಾಗಬಹುದು ಅಂತ ಲೆಕ್ಕ ಹಾಕಬಲ್ಲ ಕಣ್ಣು ಬೇಕಿತ್ತು. ಅಣ್ಣನಿಗೆ ಆ ಕಣ್ಣು ಬಂದದ್ದು ತಾನು ಬಿದ್ದದ್ದರಿಂದ. ಇನ್ನೊಂದು, ಆ ಹುಡುಗ ನಿಜ ಹೇಳಿದ್ದು ಅಣ್ಣನಿಗೆ. ನಾನು ಕೇಳಿದ್ದರೆ, "ಜ್ವರ" ಅನ್ನುತ್ತಿದ್ದ.

ಹೀಗೆ ಬಲ್ಲವರು ಬಲ್ಲವರಿಗೆ ನೆರವಾಗುವುದು ನಮ್ಮ ಜಿಲ್ಲೆಗಳಿಗೆ ಹೊಸದೇನೂ ಅಲ್ಲ. 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಸೇರಿ ಶುರು ಮಾಡಿದ ಎಎ, ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್, ಮಂಗಳೂರಿನಲ್ಲೂ ಉಂಟು. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಅಂತ ಮಾಡಿಕೊಂಡು ಒಬ್ಬರಿಗೊಬ್ಬರು ಆಸರೆಯಾಗುತ್ತಾರೆ. ಇವು ದೊಡ್ಡ ಕೆಲಸಗಳು. ಆದರೆ ಇವುಗಳ ಬಾಗಿಲು ತೆರೆಯುವುದು ಬಿಡಬೇಕು ಅಂತ ತೀರ್ಮಾನ ಮಾಡಿದವನಿಗೆ. ಇನ್ನೂ ತೀರ್ಮಾನ ಮಾಡದವನು, ಬಿಡಲು ಆಗದವನು, ಬಿಟ್ಟು ಮತ್ತೆ ಹಿಡಿದವನು ಎಲ್ಲಿ ಹೋಗಬೇಕು? ಅವನು ಸಾಯದೆ ನಾಳೆ ಬೆಳಿಗ್ಗೆ ಕಂಡರೆ ತಾನೇ ಮುಂದೆ ಒಂದು ದಿನ ಬಿಡುವುದು? ಹಾನಿ ತಗ್ಗಿಸುವವರು ನಿಲ್ಲುವುದು ಈ ಜಾಗದಲ್ಲಿ.

ಇದು ಶುರುವಾದ ಕಥೆ ಕೇಳಬೇಕು. ಹಾಲೆಂಡಿನ ರಾಟರ್‌ಡ್ಯಾಮ್ ನಗರದಲ್ಲಿ 1980ರ ಆಸುಪಾಸಿನಲ್ಲಿ ನಿಕೋ ಆಡ್ರಿಯಾನ್ಸ್ ಅನ್ನುವವರು ಹೆರಾಯಿನ್ ಬಳಸುವವರದ್ದೇ ಒಂದು ಸಂಘ ಕಟ್ಟಿದರು. ಅವರೂ ಬಳಸುವವರೇ. ನಮ್ಮ ಬಗ್ಗೆ ನಿಯಮ ಮಾಡುವಾಗ ನಮ್ಮನ್ನೂ ಕೇಳಿ ಅನ್ನುವುದು ಅವರ ಬೇಡಿಕೆ. ಬೇರೆ ಊರುಗಳಲ್ಲೂ ಅಂಥ ಸಂಘಗಳಾದವು. ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಒಬ್ಬ ಮೆಡಿಕಲ್ ಅಂಗಡಿಯವರು ಇಂಥವರಿಗೆ ಸಿರಿಂಜ್ ಮಾರುವುದನ್ನು ನಿಲ್ಲಿಸಿಬಿಟ್ಟರು. ಹೊಸ ಸೂಜಿ ಸಿಗದಿದ್ದರೆ ಜನ ಏನು ಮಾಡುತ್ತಾರೆ? ಚುಚ್ಚುವುದನ್ನು ಬಿಡುವುದಿಲ್ಲ, ಒಂದೇ ಸೂಜಿಯನ್ನು ಹಂಚಿಕೊಳ್ಳುತ್ತಾರೆ. ಹೆಪಟೈಟಿಸ್ ಬಿ ಹರಡುತ್ತದೆ ಅಂತ ಸಂಘದವರಿಗೆ ಹೆದರಿಕೆಯಾಯಿತು. ಅವರ ಒತ್ತಾಯಕ್ಕೆ 1984ರಲ್ಲಿ ನಗರದ ಆರೋಗ್ಯ ಇಲಾಖೆ ವಾರಕ್ಕೊಮ್ಮೆ ಹೊಸ ಸೂಜಿಗಳನ್ನು ಸಂಘಕ್ಕೆ ತಲುಪಿಸಿತು, ಹಳೆಯದನ್ನು ವಾಪಸು ಒಯ್ದಿತು. ಹಂಚಿದವರು ಸಂಘದವರೇ. ಹಳೆ ಸೂಜಿ ಕೊಟ್ಟು ಹೊಸದು ತಗೊಳ್ಳುವ ಪದ್ಧತಿ ಶುರುವಾದದ್ದು ಹೀಗೆ. ಎಚ್‌ಐವಿ ದೊಡ್ಡ ಸುದ್ದಿಯಾಗುವ ಮೊದಲೇ, ಬಳಸುವವರೇ ಅದಕ್ಕೆ ದಾರಿ ಹುಡುಕಿದ್ದರು.

ಸೂಜಿ ಹಂಚಿಕೊಳ್ಳುವುದು ಎಷ್ಟು ಅಪಾಯ ಅಂತ ಹೇಳಲು ಒಂದು ಅಂಕಿ ಸಾಕು. ಸಿರಿಂಜಿನೊಳಗೆ ಉಳಿದ ಚೂರು ರಕ್ತದಲ್ಲಿ ಹೆಪಟೈಟಿಸ್ ಸಿ ವೈರಸ್ 63 ದಿನದವರೆಗೂ ಜೀವಂತ ಇರಬಲ್ಲದು ಅಂತ ಪ್ರಯೋಗಾಲಯದಲ್ಲಿ ತೋರಿಸಿದ್ದಾರೆ. ತೊಳೆದೆ ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಕೆನಡಾದ ವ್ಯಾಂಕೂವರ್‌ನಲ್ಲಿ 1990ರ ದಶಕದ ಕೊನೆಗೆ ಇದೇ ಥರ ಸಂಘ ಕಟ್ಟಿದವರು, ಗಲ್ಲಿಗಳಲ್ಲಿ ತಾವೇ ರಾತ್ರಿ ಗಸ್ತು ತಿರುಗಿ ಬಿದ್ದವರನ್ನು ಎತ್ತಿದರು. 2003ರಲ್ಲಿ ಅಲ್ಲಿ ನರ್ಸುಗಳ ಕಣ್ಣೆದುರು ಚುಚ್ಚಿಕೊಳ್ಳಬಹುದಾದ ಜಾಗ ಕಾನೂನುಬದ್ಧವಾಗಿ ತೆರೆಯಿತು. ಕೇಳಿದರೆ ಮೈ ಜುಮ್ಮೆನ್ನುತ್ತದೆ, ನನಗೂ ಹಾಗೇ ಆಯಿತು. ಆದರೆ 2011ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಧ್ಯಯನ ನೋಡಿ. ಆ ಜಾಗದ ಸುತ್ತ 500 ಮೀಟರಿನೊಳಗೆ ಓವರ್‌ಡೋಸ್ ಸಾವು ಶೇ. 35ರಷ್ಟು ಇಳಿದಿತ್ತು. ಉಳಿದ ನಗರದಲ್ಲಿ ಇಳಿದದ್ದು ಶೇ. 9ರಷ್ಟು.

ನಮ್ಮ ದೇಶದ ಕಥೆ ಮಣಿಪುರದ್ದು. ಮ್ಯಾನ್ಮಾರ್ ಗಡಿ ಪಕ್ಕದಲ್ಲೇ, ಹೆರಾಯಿನ್ ಸುಲಭ. 1989–90ರಲ್ಲಿ ಚುಚ್ಚಿಕೊಳ್ಳುವವರಲ್ಲಿ ಎಚ್‌ಐವಿ ಕಾಣಿಸಿಕೊಂಡಿತು. ಸೊನ್ನೆಯಿಂದ ಅರ್ಧದಷ್ಟು ಜನಕ್ಕೆ ಹಬ್ಬಲು ಒಂದು ವರ್ಷವೂ ಬೇಕಾಗಲಿಲ್ಲ. ಅಲ್ಲಿ ಸಂಸ್ಥೆಗಳು ಬಳಸುವವರನ್ನೇ ಜೊತೆ ಮಾಡಿಕೊಂಡು ಸೂಜಿ ಬದಲಿಸುವ ಕೆಲಸಕ್ಕೆ ಇಳಿದವು. ಆಮೇಲೆ ಕೇಂದ್ರದ ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಇದನ್ನು ತನ್ನ ಕಾರ್ಯಕ್ರಮದೊಳಗೇ ತಂದಿತು. ಈಗ ದೇಶದ ಹಲವು ಕಡೆ ಪೀರ್ ಎಜುಕೇಟರ್ ಅನ್ನುವ ಹುದ್ದೆ ಉಂಟು. ಬಳಸುವವರ ನಡುವಿನಿಂದಲೇ ಬಂದವರು. ಅವರು ಸೂಜಿ ತಲುಪಿಸುತ್ತಾರೆ, ಚುಚ್ಚಿದ ಜಾಗದ ಹುಣ್ಣು ನೋಡುತ್ತಾರೆ, ರಕ್ತ ಪರೀಕ್ಷೆಗೆ ಜೊತೆಯಲ್ಲಿ ಕರೆದುಕೊಂಡು ಹೋಗುತ್ತಾರೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ದೇಶದಲ್ಲಿ ಚುಚ್ಚಿಕೊಳ್ಳುವವರು ಸುಮಾರು 8.5 ಲಕ್ಷ. ಅದೇ ಸಮೀಕ್ಷೆ ಇನ್ನೊಂದು ಮಾತು ಹೇಳುತ್ತದೆ: ಕುಡಿತಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದೋ ಒಂದು ಚಿಕಿತ್ಸೆ ಸಿಕ್ಕಿದೆ. ಉಳಿದ 37 ಜನ ಇರುವುದು ನಮ್ಮ ನಿಮ್ಮ ಮನೆಗಳಲ್ಲೇ.

ಈಗ ಔಷಧಿಯ ವಿಷಯ. ಹೆರಾಯಿನ್, ಬ್ರೌನ್‌ಶುಗರ್, ಕೆಲವು ನೋವಿನ ಮಾತ್ರೆಗಳು, ಇವೆಲ್ಲ ಒಂದೇ ಜಾತಿ. ಓಪಿಯಾಯ್ಡ್ ಅನ್ನುತ್ತಾರೆ. ಇವು ಜಾಸ್ತಿಯಾದರೆ ಕೊಲ್ಲುವುದು ಉಸಿರು ನಿಲ್ಲಿಸಿ. ಮಿದುಳಿನಲ್ಲಿ ಇವು ಕೂರುವ ಸೀಟುಗಳಿವೆ. ಸ್ಟೇಟ್‌ಬ್ಯಾಂಕಿನಿಂದ ಹೊರಟ ಸಿಟಿ ಬಸ್ ಅಂದುಕೊಳ್ಳಿ. ಹೆರಾಯಿನ್ ಬಂದು ಎಲ್ಲ ಸೀಟು ತುಂಬಿದರೆ ಉಸಿರಾಟ ನಿಧಾನವಾಗುತ್ತಾ ನಿಲ್ಲುತ್ತದೆ. ತುಟಿ ನೀಲಿ, ಕಣ್ಣ ಪಾಪೆ ಸೂಜಿಮೊನೆಯಷ್ಟು ಸಣ್ಣ, ಗಂಟಲಲ್ಲಿ ಗೊರಗೊರ ಸದ್ದು. ಗೊರಕೆ ಹೊಡೆಯುತ್ತಿದ್ದಾನೆ ಅಂತ ಬಿಟ್ಟು ಹೋದ ಗೆಳೆಯರು ಬೆಳಿಗ್ಗೆ ಹೆಣ ನೋಡಿದ್ದುಂಟು.

ನಲೋಕ್ಸೋನ್ ಅನ್ನುವ ಔಷಧಿ ಈ ಬಸ್ಸಿಗೆ ಹತ್ತಿ, ಕೂತವರನ್ನೆಲ್ಲ ಎಬ್ಬಿಸಿ ತಾನು ಕೂರುತ್ತದೆ. ಕೆಲವೇ ನಿಮಿಷದಲ್ಲಿ ಉಸಿರು ಮರಳುತ್ತದೆ. ಆದರೆ ಅದರ ಟಿಕೆಟು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯವರೆಗೆ ಮಾತ್ರ. ಅದು ಇಳಿದ ಮೇಲೆ, ಫುಟ್‌ಬೋರ್ಡಿನಲ್ಲಿ ನೇತಾಡುತ್ತಿದ್ದ ಹೆರಾಯಿನ್ ಮತ್ತೆ ಒಳಗೆ ಬಂದು ಕೂರಬಹುದು. ಅದಕ್ಕೇ ಎಚ್ಚರವಾದವನನ್ನು ಮನೆಗೆ ಕಳಿಸಬಾರದು, ಆಸ್ಪತ್ರೆಯಲ್ಲೇ ಇರಿಸಬೇಕು. 1996ರಲ್ಲಿ ಶಿಕಾಗೋದ ಡ್ಯಾನ್ ಬಿಗ್ ಮತ್ತು ಸಂಗಡಿಗರು ಇದನ್ನು ಬಳಸುವವರ ಕೈಗೇ ಕೊಡಲು ಶುರು ಮಾಡಿದರು. ಬೀಳುವವನ ಪಕ್ಕದಲ್ಲಿರುವುದು ಅವರೇ ತಾನೇ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳಿತು: ಓವರ್‌ಡೋಸ್ ನೋಡುವ ಸಾಧ್ಯತೆ ಇರುವವರ ಕೈಯಲ್ಲಿ ಈ ಔಷಧಿ ಇರಲಿ, ಬಳಸಲು ಕಲಿಸಿ.

ಬುಪ್ರೆನಾರ್ಫಿನ್ ಅನ್ನುವ ಔಷಧಿ ಇನ್ನೊಂದು ಥರದ ಪ್ರಯಾಣಿಕ. ಸೀಟು ಹಿಡಿದರೆ ಬೇಗ ಏಳುವುದಿಲ್ಲ, ಗಲಾಟೆಯೂ ಇಲ್ಲ. ಹೆರಾಯಿನ್‌ನಂಥವುಗಳ ಬದಲಿಗೆ ಔಷಧಿ ಕೊಡುವ ಒಎಸ್‌ಟಿ ಕೇಂದ್ರದಲ್ಲಿ ಇದನ್ನು ನಾಲಿಗೆಯ ಅಡಿಗಿಟ್ಟು ಕರಗಿಸಲು ಕೊಡುತ್ತಾರೆ. ಮೈ ನೋವು, ಬೇಧಿ, ಚಡಪಡಿಕೆ ಇರುವುದಿಲ್ಲ. ಮನುಷ್ಯ ಎದ್ದು ಕೆಲಸಕ್ಕೆ ಹೋಗುತ್ತಾನೆ. ಒಂದು ನಶೆ ಬಿಡಿಸಿ ಇನ್ನೊಂದು ಅಂಟಿಸಿದ ಹಾಗಲ್ವಾ ಅಂತ ಕೇಳುವವರಿದ್ದಾರೆ. ಸಕ್ಕರೆ ಕಾಯಿಲೆಯವರು ದಿನವೂ ಇನ್ಸುಲಿನ್ ತಗೊಳ್ಳುವುದನ್ನು ನಾವು ಚಟ ಅನ್ನುವುದಿಲ್ಲ. ಬುಪ್ರೆನಾರ್ಫಿನ್ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ.

ಒಪ್ಪಬೇಕಾದ ಮಾತು: ಮಂಗಳೂರಿನ ಪೇಪರಿನಲ್ಲಿ ದಿನಾ ಕಾಣುವುದು ಹೆರಾಯಿನ್ ಅಲ್ಲ. ಗಾಂಜಾ ಮತ್ತು ಎಂಡಿಎಂಎ ಅನ್ನುವ ರಾಸಾಯನಿಕ ನಶೆ. 2025ರ ಮಾರ್ಚಿನಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿಗೆ ಹೋಗಿ ಸುಮಾರು 37 ಕಿಲೋ ಎಂಡಿಎಂಎ ಹಿಡಿದರು. ಬೆಲೆ ಸುಮಾರು 75 ಕೋಟಿ ಅಂದರು. ಕಾನೂನು ಪ್ರಕಾರ 10 ಗ್ರಾಂ ಇದ್ದರೇ ವ್ಯಾಪಾರದ ಪ್ರಮಾಣ. 37 ಕಿಲೋ ಅಂದರೆ ಎಷ್ಟು ಅಂತ ನೀವೇ ನೋಡಿ. ಮಾರುವವರನ್ನು ಹಿಡಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೊಳ್ಳುವ ಹುಡುಗ ಮರುದಿನವೂ ಇಲ್ಲೇ ಇರುತ್ತಾನೆ. ಒಬ್ಬನಿಂದ ಸಿಗದಿದ್ದರೆ ಇನ್ನೊಬ್ಬನಿಂದ ತರುತ್ತಾನೆ, ಅದರಲ್ಲಿ ಏನು ಬೆರೆತಿದೆ ಅಂತ ಅವನಿಗೂ ಗೊತ್ತಿಲ್ಲ.

ಎಂಡಿಎಂಎಗೆ ನಲೋಕ್ಸೋನ್ ಕೆಲಸ ಮಾಡುವುದಿಲ್ಲ. ಇದು ಕೊಲ್ಲುವ ದಾರಿ ಬೇರೆ. ಮೈಯ ಬಿಸಿ ಏರುತ್ತಾ ಹೋಗುತ್ತದೆ. ನಮ್ಮ ಏಪ್ರಿಲ್–ಮೇ ಸೆಕೆಯಲ್ಲಿ, ಕಿಟಕಿ ಮುಚ್ಚಿದ ರೂಮಿನಲ್ಲಿ, ಇನ್ನೂ ಬೇಗ. ಹೃದಯ, ಕಿಡ್ನಿ ಎಲ್ಲ ಹೊಡೆತ ತಿನ್ನುತ್ತವೆ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಒಮ್ಮೆಲೇ ಲೀಟರ್‌ಗಟ್ಟಲೆ ನೀರು ಕುಡಿಸುವುದೂ ಅಪಾಯ. ಈ ಮಾಲು ಮೈಯಲ್ಲಿ ನೀರು ಹಿಡಿದಿಡುತ್ತದೆ. ರಕ್ತದ ಸೋಡಿಯಂ ಕುಸಿದು, ಮಿದುಳು ಬಾತು, ಫಿಟ್ಸ್ ಬರಬಹುದು. ಮೊದಲು ಹೇಳಿದ ರೂಮಿನಲ್ಲಿ ಎರಡು ಲೀಟರಿನ ಬಾಟಲಿ ತಂದ ಗೆಳೆಯ ಪ್ರೀತಿಯಿಂದಲೇ ತಂದದ್ದು. ಅವನಿಗೆ ಯಾರೂ ಇದನ್ನು ಹೇಳಿರಲಿಲ್ಲ. ಮಾಡಬೇಕಾದದ್ದು ಬಟ್ಟೆ ಸಡಿಲಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸುತ್ತಾ, ಫ್ಯಾನ್ ಹಾಕಿ, ಮಗ್ಗುಲಾಗಿ ಮಲಗಿಸಿ, 108ಕ್ಕೆ ಫೋನ್ ಮಾಡುವುದು.

ನೆದರ್‌ಲ್ಯಾಂಡ್ಸ್‌ನಲ್ಲಿ 1992ರಿಂದ ಒಂದು ವ್ಯವಸ್ಥೆ ಉಂಟು. ಕೊಂಡ ಮಾತ್ರೆಯನ್ನು ಹೆಸರು ಹೇಳದೆ ತಂದು ಕೊಟ್ಟರೆ ಅದರಲ್ಲಿ ಏನಿದೆ ಅಂತ ಪರೀಕ್ಷಿಸಿ ಹೇಳುತ್ತಾರೆ. ಅಪಾಯದ ಮಾಲು ಬಂದಿದ್ದರೆ ಊರಿಗೆಲ್ಲ ಎಚ್ಚರಿಕೆ ಹೋಗುತ್ತದೆ. ನಮ್ಮಲ್ಲಿ ಅಂಥ ಎಚ್ಚರಿಕೆ ಹರಡುವ ದಾರಿ ಒಂದೇ, ಬಾಯಿಂದ ಬಾಯಿಗೆ, ಅದೂ ಬಳಸುವವರ ನಡುವೆ. ಆ ದಾರಿಯನ್ನು ಗಟ್ಟಿ ಮಾಡುವುದು ಬಿಟ್ಟು ನಾವು ಅದನ್ನು ಹೆದರಿಸಿ ಮುಚ್ಚುತ್ತಿದ್ದೇವೆ. ನನಗೆ ತೀರಾ ಬೇಸರ ಆಗುವುದು ಇಲ್ಲಿ.

ಹೆತ್ತವರು ದಯವಿಟ್ಟು ಗಮನವಿಟ್ಟು ಓದಬೇಕಾದ ಭಾಗ ಇದು. ಮಗನನ್ನು ಮೂರು ತಿಂಗಳು ರಿಹ್ಯಾಬ್‌ನಲ್ಲಿಟ್ಟು ಮನೆಗೆ ಕರೆತಂದಿದ್ದೀರಿ. ಮುಖದಲ್ಲಿ ಕಳೆ ಬಂದಿದೆ. ಇನ್ನು ಹೆದರಿಕೆ ಇಲ್ಲ ಅಂತ ನಿಟ್ಟುಸಿರು ಬಿಡುತ್ತೀರಿ. ಓಪಿಯಾಯ್ಡ್ ಬಳಸುತ್ತಿದ್ದವನಾದರೆ ಅತಿ ಹೆಚ್ಚು ಅಪಾಯ ಇರುವುದು ಆ ಮೊದಲ ಕೆಲವು ವಾರಗಳಲ್ಲೇ. ಜೈಲಿನಿಂದ ಬಂದವರಿಗೂ ಅಷ್ಟೇ. ಕೆಂಪುಕಲ್ಲು ಹೊರುವವನ ಅಂಗೈ ನೋಡಿ. ದಿನಾ ಹೊತ್ತು ಹೊತ್ತು ಗಟ್ಟಿಯಾಗಿರುತ್ತದೆ. ಮೂರು ತಿಂಗಳು ಕೆಲಸ ಬಿಟ್ಟರೆ ಮೆತ್ತಗಾಗುತ್ತದೆ, ಮತ್ತೆ ಮೊದಲ ದಿನ ಅಷ್ಟೇ ಕಲ್ಲು ಎತ್ತಿದರೆ ಚರ್ಮ ಕಿತ್ತು ಬರುತ್ತದೆ. ಮೈಗೂ ಹಾಗೇ. ತಾಳುವ ಶಕ್ತಿ ಹೋಗಿರುತ್ತದೆ, ಹಳೆಯ ಲೆಕ್ಕ ಮಾತ್ರ ತಲೆಯಲ್ಲಿ ಉಳಿದಿರುತ್ತದೆ. ಹಳೆಯ ಪ್ರಮಾಣವೇ ಈಗ ಕೊಲ್ಲುತ್ತದೆ. ಜೊತೆಗೆ ಕುಡಿತ, ನಿದ್ದೆ ಮಾತ್ರೆ ಸೇರಿದರೆ ಕೇಳುವುದೇ ಬೇಡ. ಇದನ್ನು ಮನೆಯವರು ಹೇಳಲು ಹೆದರುತ್ತಾರೆ, ಮತ್ತೆ ಶುರು ಮಾಡು ಅಂದ ಹಾಗಾಗುತ್ತದೋ ಅಂತ. ಆ ದಾರಿಯಲ್ಲಿ ಹೋಗಿ ಬಂದ ಸಂಗಾತಿ ಮುಖಕ್ಕೆ ಮುಖ ಕೊಟ್ಟು ಹೇಳಬಲ್ಲ.

ಕಾನೂನು ಏನು ಹೇಳುತ್ತದೆ? ಮಾದಕ ವಸ್ತುಗಳ ಮೇಲಿನ 1985ರ ಎನ್‌ಡಿಪಿಎಸ್ ಕಾಯ್ದೆಯ 27ನೇ ಕಲಂ ಪ್ರಕಾರ ಸೇವನೆಯೇ ಅಪರಾಧ. ಹೆರಾಯಿನ್, ಕೊಕೇನ್‌ನಂಥವಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 20 ಸಾವಿರದವರೆಗೆ ದಂಡ ಅಥವಾ ಎರಡೂ. ಉಳಿದವಕ್ಕೆ ಆರು ತಿಂಗಳು, 10 ಸಾವಿರ. ಆದರೆ ಅದೇ ಕಾಯ್ದೆಯ 64ಎ ಕಲಂ ಬಗ್ಗೆ ಯಾರೂ ಮಾತಾಡುವುದಿಲ್ಲ. ಸೇವನೆ ಅಥವಾ ಸಣ್ಣ ಪ್ರಮಾಣದ ಕೇಸು ಇರುವ ವ್ಯಸನಿ, ತಾನಾಗಿ ಸರ್ಕಾರಿ ಅಥವಾ ಸರ್ಕಾರ ಒಪ್ಪಿದ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿ ಪೂರ್ತಿ ಮಾಡಿದರೆ, ಆ ಕೇಸಿನಿಂದ ಅವನಿಗೆ ರಕ್ಷಣೆ ಉಂಟು. ಸೂಜಿ ಹಂಚುವವರಿಗೂ ರಕ್ಷಣೆ ಉಂಟು. 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ 22ನೇ ಕಲಂ, ಸರ್ಕಾರದ ಮಾರ್ಗಸೂಚಿಯಂತೆ ಸೋಂಕಿನ ಅಪಾಯ ತಗ್ಗಿಸಲು ಮಾಡುವ ಕೆಲಸ ಅಪರಾಧವಲ್ಲ ಅನ್ನುತ್ತದೆ. ಸೂಜಿ ಬದಲಿಸಿ ಕೊಡುವುದನ್ನು ಉದಾಹರಣೆಯಾಗಿಯೇ ಅಲ್ಲಿ ಬರೆದಿದ್ದಾರೆ.

ಇಲ್ಲದ್ದು ಒಂದು. ರಸ್ತೆ ಅಪಘಾತದಲ್ಲಿ ಬಿದ್ದವನನ್ನು ಆಸ್ಪತ್ರೆಗೆ ತಂದವರಿಗೆ ತೊಂದರೆ ಕೊಡಬಾರದು ಅಂತ ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಕಲಂ ಸೇರಿಸಿದರು. ನಶೆಯಲ್ಲಿ ಬಿದ್ದ ಗೆಳೆಯನನ್ನು ಹೊತ್ತು ತಂದ ಹುಡುಗನಿಗೆ ಎನ್‌ಡಿಪಿಎಸ್‌ನಲ್ಲಿ ಅಂಥ ಒಂದು ಸಾಲೂ ಇಲ್ಲ. ಆ ಸಾಲು ಬರಬೇಕು. ಬರುವವರೆಗೆ ಕಾಲೇಜಿನವರಾದರೂ ಒಂದು ಮಾತು ಬಾಯಿಬಿಟ್ಟು ಹೇಳಬಹುದಲ್ವಾ? ಗೆಳೆಯನನ್ನು ಆಸ್ಪತ್ರೆಗೆ ಸೇರಿಸಿದವನ ಮೇಲೆ ನಾವು ಕ್ರಮ ತಗೊಳ್ಳುವುದಿಲ್ಲ ಅಂತ. ಇದಕ್ಕೆ ದುಡ್ಡು ಬೇಡ, ಬಿಲ್ಡಿಂಗ್ ಬೇಡ.

ಸೂಜಿ ಕೊಟ್ಟರೆ, ಇಷ್ಟೆಲ್ಲ ಹೇಳಿಕೊಟ್ಟರೆ ನಶೆ ಮಾಡುವವರು ಜಾಸ್ತಿಯಾಗುವುದಿಲ್ಲವೇ? ಈ ಪ್ರಶ್ನೆ ನನಗೂ ಇತ್ತು. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲಿ ಆವರೆಗಿನ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿತು. ಸೂಜಿ ಕೊಡುವುದರಿಂದ ಬಳಕೆ ಹೆಚ್ಚುತ್ತದೆ ಅನ್ನಲು ನಂಬುವಂಥ ಪುರಾವೆ ಸಿಗಲಿಲ್ಲ, ಎಚ್‌ಐವಿ ಇಳಿಯುತ್ತದೆ ಅನ್ನಲು ಸಿಕ್ಕಿತು. ಸೂಜಿಗೆ ಬಂದವನು ಎಷ್ಟೋ ಸಲ ಅದೇ ಬಾಗಿಲಿನಿಂದ ಚಿಕಿತ್ಸೆಗೂ ಹೋಗುತ್ತಾನೆ. ಅದು ಅವನಿಗೆ ಗೊತ್ತಿರುವ ಒಂದೇ ಬಾಗಿಲು.

ಹಾಗಂತ ಪೀರ್ ಅನ್ನುವ ಹೆಸರು ಇಟ್ಟ ಕೂಡಲೇ ಎಲ್ಲ ಸರಿಯಾಗುವುದಿಲ್ಲ. ಹಲವು ಕಡೆ ಅವರಿಗೆ ಸಿಗುವುದು ಗೌರವಧನ ಅನ್ನುವ ಸಣ್ಣ ಮೊತ್ತ. ಕೆಲಸ ಅವರದ್ದು, ತೀರ್ಮಾನ ಆಫೀಸಿನಲ್ಲಿ ಕೂತವರದ್ದು. ಕೇಂದ್ರ ಬೆಳಿಗ್ಗೆ ಹತ್ತರಿಂದ ಐದು. ಜನರಿಗೆ ಕಷ್ಟ ಬರುವುದು ಕತ್ತಲಾದ ಮೇಲೆ. ಬಾಗಿಲು ಎಷ್ಟು ಹೊತ್ತಿಗೆ ತೆರೆಯಬೇಕು ಅಂತ ಹೇಳುವ ಅಧಿಕಾರವೂ ಇಲ್ಲದಿದ್ದರೆ, ಅದು ಸಂಗಾತಿಗಳು ನಡೆಸುವ ಕೆಲಸ ಅಲ್ಲ. ಸಂಗಾತಿಗಳಿಂದ ಮಾಡಿಸಿಕೊಳ್ಳುವ ಕೆಲಸ. ವ್ಯತ್ಯಾಸ ಹೇಗಿರುತ್ತದೆ ಅಂತ ತಿಳಿಯಲು ದೂರ ಹೋಗಬೇಕಿಲ್ಲ. ಮೈಸೂರಿನ ಆಶೋದಯ ಸಮಿತಿ ಇದೆ. ವಿಷಯ ಬೇರೆ, ಲೈಂಗಿಕ ವೃತ್ತಿಯಲ್ಲಿರುವವರ ಆರೋಗ್ಯ. ಅಲ್ಲಿ ಆ ವೃತ್ತಿಯವರೇ ಸಂಘ ನಡೆಸುತ್ತಾರೆ. ಬೇರೆ ದೇಶದವರೂ ಬಂದು ಅವರಿಂದ ಕಲಿತು ಹೋಗಿದ್ದಾರೆ.

ಇನ್ನೊಂದು ಕಷ್ಟ ಹೇಳದೆ ಬಿಡಲಾರೆ. ಈ ಕೆಲಸ ಮಾಡುವವರೂ ಜಾರುತ್ತಾರೆ. ಮತ್ತೆ ಹಿಡಿಯುತ್ತಾರೆ. ತಿಂಗಳುಗಟ್ಟಲೆ ಜೊತೆ ಕೂತು ಮಾತಾಡಿಸಿದ ಹುಡುಗ ಸತ್ತರೆ ಅವರ ದುಃಖ ಕೇಳಲು ಯಾರೂ ಇರುವುದಿಲ್ಲ. ಜಾರಿದ ಕೂಡಲೇ ಕೆಲಸದಿಂದ ತೆಗೆದರೆ, ಮುಂದಿನ ಸಲ ಅವರು ಮುಚ್ಚಿಡುತ್ತಾರೆ. ಆಮೇಲೆ ಅವರ ಹತ್ತಿರ ಬರುವವರೂ ಮುಚ್ಚಿಡುತ್ತಾರೆ. ಹೆಂಗಸರ ವಿಷಯವಂತೂ ಇನ್ನೂ ಗುಟ್ಟು. ಹುಡುಗಿಯೊಬ್ಬಳು ಧೈರ್ಯ ಮಾಡಿ ಬಾಯಿಬಿಡಬೇಕಾದರೆ ಎದುರು ಕೂತವಳು ಹೆಂಗಸೇ ಆಗಿರಬೇಕು, ಆ ದಾರಿ ಕಂಡವಳಾಗಿರಬೇಕು. ಅಂಥವರನ್ನು ಹುಡುಕುವುದೇ ದೊಡ್ಡ ಕೆಲಸ.

ಬಲವಂತದ ರಿಹ್ಯಾಬ್ ಬಗ್ಗೆ ಒಂದೇ ಮಾತು. 2017ರ ಮಾನಸಿಕ ಆರೋಗ್ಯ ಕಾಯ್ದೆಯೊಳಗೆ ಕುಡಿತ, ಡ್ರಗ್ಸ್‌ನ ತೊಂದರೆಗಳೂ ಬರುತ್ತವೆ. ಕೇಂದ್ರ ನೋಂದಣಿಯಾಗಿರಬೇಕು, ಸೇರಿದವರಿಗೆ ಹಕ್ಕುಗಳಿವೆ. ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಅಂತ ಕೇಳಿ. ಹೊಡೆದು ಬಿಡಿಸುತ್ತೇವೆ ಅನ್ನುವವರಿಂದ ದೂರ ಇರಿ.

ಫೋನ್ ನಂಬರುಗಳನ್ನು ಬರೆದಿಟ್ಟುಕೊಳ್ಳಿ. ನಶೆ ಬಿಡಲು ನೆರವು ಬೇಕಾದರೆ 14446. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಟೆಲಿಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ಎಚ್‌ಐವಿ ಪರೀಕ್ಷೆ ಜಿಲ್ಲಾ ಆಸ್ಪತ್ರೆಯ ಐಸಿಟಿಸಿ ಅನ್ನುವ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ ಉಚಿತ, ಗುಟ್ಟಾಗಿ ಇಡುತ್ತಾರೆ. ಹೆಪಟೈಟಿಸ್ ಸಿ ಇದ್ದರೆ ಸರ್ಕಾರಿ ಕಾರ್ಯಕ್ರಮದಲ್ಲಿ 2018ರಿಂದ ಔಷಧಿ ಉಚಿತ. ಹೆಚ್ಚಿನವರಿಗೆ ಮೂರು ತಿಂಗಳಲ್ಲಿ ಗುಣವಾಗುತ್ತದೆ.

ಮಲ್ಪೆಯ ಆ ಹುಡುಗ ಆರು ದಿನ ಆಸ್ಪತ್ರೆಯಲ್ಲಿದ್ದ. ಎರಡು ತಿಂಗಳ ಮೇಲೆ ಮತ್ತೆ ಕುಡಿದ. ಕುಡಿದದ್ದನ್ನು ಮೊದಲು ಹೇಳಿದ್ದು ಅಣ್ಣನಿಗೆ, ಬೆಳಿಗ್ಗೆ ಆರು ಗಂಟೆಗೆ ಫೋನ್ ಮಾಡಿ. "ಬೈಲಿಲ್ವಾ?" ಅಂತ ಕೇಳಿದೆ. ಅಣ್ಣ ಬಲೆಯ ಕಣ್ಣನ್ನು ಹೆಬ್ಬೆರಳಿಗೆ ಸಿಕ್ಕಿಸಿಕೊಳ್ಳುತ್ತಾ ಹೇಳಿದರು, "ಬೈದ್ರೆ ನಾಳೆ ಫೋನ್ ಮಾಡ್ತಾನಾ? ಊಟ ಆಯ್ತಾ ಅಂತ ಕೇಳಿದೆ. ಇಲ್ಲ ಅಂದ. ಬಾ ಅಂದೆ."